ಟೆಲಿಸ್ಕೋಪ್ ಇದೆ, ಮಕ್ಕಳೂ ಇದ್ದಾರೆ, ಪರಿಸರದ ಮಾತು ಎಲ್ಲಿ ತರಬೇಕು?

ಫಿಸಿಕ್ಸ್ ಮೇಡಂ, ಚಿಕ್ಕಮಗಳೂರು:
ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕಾಲೇಜಿಗೆ ಆರು ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಬಂದಿದೆ. ಮಳೆ ಮುಗಿದ ಮೇಲೆ, ಡಿಸೆಂಬರ್‌ನಿಂದ, ನಮ್ಮ ಬಿಎಸ್ಸಿ ಮಕ್ಕಳೇ ಹಳ್ಳಿಗಳಿಗೆ ಹೋಗಿ ಜನರಿಗೆ ಆಕಾಶ ತೋರಿಸಲಿ, ಜೊತೆಗೆ ಪರಿಸರದ ಕಾಳಜಿಯೂ ಮೂಡಲಿ ಅಂತ ಆಸೆ. ಆದರೆ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ, ಶನಿ ಇಷ್ಟು ದೂರ, ಗುರುವಿಗೆ ಇಷ್ಟು ಚಂದ್ರರು ಅಂತ. ಕೊನೆಗೆ "ಗಿಡ ನೆಡಿ, ಪರಿಸರ ಉಳಿಸಿ" ಅಂತ ಒಂದು ಸಾಲು. ಕೇಳಿದರೆ ನನಗೇ ಆಕಳಿಕೆ ಬರುತ್ತದೆ. ಹೇಗೆ ತಯಾರು ಮಾಡುವುದು?

ಸಕಲೇಶಪುರದವನು:
ಮೇಡಂ, ಆ ಕೊನೆಯ ಸಾಲನ್ನು ತೆಗೆದುಹಾಕಿ. ಪರಿಸರ ಬೇರೆ ವಿಷಯ ಅಲ್ಲವೇ ಅಲ್ಲ, ಬೆಳಕಿನಿಂದ ಶುರು ಮಾಡಿ. ಮೈದಾನದ ಫ್ಲಡ್‌ಲೈಟ್ ಉರಿಯುವಾಗಲೇ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದಲ್ಲಿ ಎಷ್ಟು ನಕ್ಷತ್ರ ಕಾಣುತ್ತವೆ ಅಂತ ಜನರಿಂದ ಎಣಿಸಿ, ಆಮೇಲೆ ಲೈಟ್ ಆರಿಸಿ, ಮೊಬೈಲ್ ಜೇಬಿಗೆ ಹಾಕಿಸಿ, 20 ನಿಮಿಷ ಬಿಟ್ಟು ಮತ್ತೆ ಎಣಿಸಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕೇ ಬೇಕು. ಈಗ ಕೇಳಿ, ಮಳೆಗಾಲಕ್ಕೆ ಮೊದಲು ತೋಟದಲ್ಲಿ ಮಿಂಚುಹುಳ ಮೊದಲಿನಷ್ಟು ಇದೆಯಾ? ಗಂಡು ಹೆಣ್ಣು ಬೆಳಕಿನಲ್ಲೇ ಮಾತಾಡುವ ಹುಳ ಅದು, ಹೋಮ್‌ಸ್ಟೇಯವರು ರಾತ್ರಿಯಿಡೀ ಬಿಳಿ ಎಲ್‌ಇಡಿ ಹಾಕಿಟ್ಟರೆ ಅವುಗಳ ಮಾತು ಅವಕ್ಕೇ ಕಾಣುವುದಿಲ್ಲ. ಜನರೇ ಹೇಳಲು ಶುರು ಮಾಡುತ್ತಾರೆ ನೋಡಿ.

ಬೇಲೂರು ಕಡೆಯ ರೈತ:
ನಿಮ್ಮ ಮಕ್ಕಳಿಗೆ ಮಳೆ ನಕ್ಷತ್ರ ಗೊತ್ತಾ? ಆರಿದ್ರಾ ಮಳೆ ಅಂದರೆ ಗೊತ್ತಿಲ್ಲದ ಅಜ್ಜ ನಮ್ಮ ಕಡೆ ಇಲ್ಲ, ಆದರೆ ಆ ಆರಿದ್ರಾ ಆಕಾಶದಲ್ಲಿ ಯಾವುದು ಅಂದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಜೂನ್ ಕೊನೆಯಲ್ಲಿ ಸೂರ್ಯ ಅದರ ಕಡೆಯೇ ಇರುತ್ತಾನೆ, ಹಗಲಲ್ಲಿ ಮುಳುಗಿಹೋಗಿರುತ್ತದೆ. ಆರು ತಿಂಗಳ ನಂತರ ಸಂಜೆ ಪೂರ್ವದಲ್ಲಿ ಮಹಾವ್ಯಾಧನ ಹೆಗಲ ಮೇಲೆ ಕೆಂಪಗೆ ಬರುತ್ತದೆ. ಟೆಲಿಸ್ಕೋಪೇ ಬೇಡ. ಅದನ್ನು ತೋರಿಸಿ ಸುಮ್ನೆ ನಿಂತರೆ ಸಾಕು, ಮಾತು ತಾನಾಗಿ ಮಳೆಗೆ ಬರುತ್ತದೆ. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಹೇಗೆ ಹಿಂದೆಮುಂದೆ ಆಗುತ್ತಿದೆ ಅಂತ ಹಿರಿಯರು ಹೇಳುವಾಗ ನಿಮ್ಮ ಹುಡುಗರು ನೋಟ್‌ಬುಕ್ ತೆಗೆಯಲಿ.

ಫಿಸಿಕ್ಸ್ ಮೇಡಂ, ಚಿಕ್ಕಮಗಳೂರು:
ಆರಿದ್ರಾ ವಿಷಯ ತುಂಬಾ ಚೆನ್ನಾಗಿದೆ, ನಾನು ಇಷ್ಟು ದಿನ ಆ ನಕ್ಷತ್ರಕ್ಕೆ ಬೀಟಲ್‌ಜ್ಯೂಸ್ ಅನ್ನುವ ಇಂಗ್ಲಿಷ್ ಹೆಸರನ್ನೇ ಹೇಳಿಸುತ್ತಿದ್ದೆ! ಆದರೆ ಲೈಟ್ ಆರಿಸುವುದು ಹೇಗೆ? ಮೂಡಿಗೆರೆ ಕಡೆ ಆನೆ ಭಯ. ಲೈಟ್ ಬೇಕು ಅಂತ ಪಂಚಾಯ್ತಿಗೆ ಅರ್ಜಿ ಕೊಟ್ಟವರ ಮುಂದೆ ಕತ್ತಲೆ ಒಳ್ಳೆಯದು ಅಂದರೆ ಬೈತಾರೆ.

ಸಕಲೇಶಪುರದವನು:
ಬೈಯುವುದು ನ್ಯಾಯವೇ. ಊರಿನ ದೀಪ ಮುಟ್ಟಬೇಡಿ, ಶಾಲೆ ಮೈದಾನದ್ದು ಮಾತ್ರ ಸಾಕು. ಅರಣ್ಯ ಇಲಾಖೆಯವರಿಗೆ ಮೊದಲೇ ಫೋನ್ ಮಾಡಿ ಆನೆ ಎಲ್ಲಿದೆ ಕೇಳಿ, ಎಂಟೂವರೆಗೆ ಎಲ್ಲರನ್ನೂ ಮನೆಗೆ ಕಳಿಸಿ. ಲೈಟ್ ಬೇಡ ಅನ್ನಬೇಡಿ, ಲೈಟಿಗೆ ಮುಚ್ಚಳ ಹಾಕಿ ಅನ್ನಿ: ಬೆಳಕು ಕೆಳಗೆ ಬೀಳಬೇಕು, ಹಳದಿ ಬಣ್ಣದ್ದಿರಬೇಕು. ಆಕಾಶಕ್ಕೆ ಹೋದ ಬೆಳಕಿನಿಂದ ಆನೆ ಕಾಣುತ್ತದಾ?

ಪಿಜಿ ಹುಡುಗಿ, ಹಾಸನ:
ಲಡಾಖ್‌ನ ಹಾನ್ಲೆ ನೋಡಿ ಮೇಡಂ. 2022ರಲ್ಲಿ ಅಲ್ಲಿ ಕತ್ತಲೆ ಆಕಾಶದ ಸಂರಕ್ಷಿತ ಪ್ರದೇಶ ಮಾಡಿದರು. ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರೇ ಅಲ್ಲಿಯ ಹಳ್ಳಿಯವರಿಗೆ ಟೆಲಿಸ್ಕೋಪ್ ಕೊಟ್ಟು ಕಲಿಸಿದರು, ಪ್ರವಾಸಿಗರಿಗೆ ಆಕಾಶ ತೋರಿಸಿ ಅವರು ದುಡಿಯುತ್ತಾರೆ. ಕತ್ತಲೆಯಿಂದ ಕಾಸು ಬಂದರೆ ಯಾರಿಗೂ ಉಪದೇಶ ಬೇಕಿಲ್ಲ. ನಮ್ಮ ಹೋಮ್‌ಸ್ಟೇಯವರಿಗೂ ಇದೇ ಭಾಷೆ ಬೇಗ ಅರ್ಥ ಆಗುತ್ತದೆ.

ತರಬೇತಿಗೆ ಒಂದು ಉಪಾಯ. ಒಂದು ಸಂಜೆ ಮಕ್ಕಳು ಪ್ರಶ್ನೆ ಮಾತ್ರ ಕೇಳಬೇಕು, ಉತ್ತರ ಹೇಳುವಂತಿಲ್ಲ. ಶುಕ್ರ ಕಾಣುವ ತಿಂಗಳಾದರೆ ಹೀಗೆ ಕೇಳಲಿ: ಬುಧ ಸೂರ್ಯನಿಗೆ ಜಾಸ್ತಿ ಹತ್ತಿರ, ಆದರೂ ಶುಕ್ರನಲ್ಲೇ ಬಿಸಿ ಹೆಚ್ಚು, 460 ಡಿಗ್ರಿ ದಾಟುತ್ತದೆ, ಯಾಕೆ? ಕಾರ್ಬನ್ ಡೈಆಕ್ಸೈಡ್ ಹೊದಿಕೆ ಅಂತ ಗುಂಪಿನಲ್ಲಿ ಯಾರಾದರೂ ಹೈಸ್ಕೂಲ್ ಹುಡುಗ ಹೇಳೇ ಹೇಳುತ್ತಾನೆ.

ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್ ಸುತ್ತಿಸಲು ಮರೆಯಬೇಡಿ. ಬಿಳಿ ಟಾರ್ಚ್ ಒಬ್ಬ ಹಾಕಿದರೂ ಮತ್ತೆ 20 ನಿಮಿಷ ಕಾಯಬೇಕು.