ಕೊನೆಯ ಅಂಕಿ ಸವೆದ ಅಮೆರಿಕದ ದೊಡ್ಡ ಸೆಂಟ್: ಯಾವ ಇಸವಿ, ಯಾವ ಅಚ್ಚು?

ಹಳೇತಾಮ್ರ:
ಎಲ್ಲರಿಗೂ ನಮಸ್ಕಾರ. ಒಂದು ರಾಶಿ ಹಳೆಯ ನಾಣ್ಯಗಳ ಜೊತೆ ಅಮೆರಿಕದ ದೊಡ್ಡ ಸೆಂಟ್ (ಹಳೆಯ ಕಾಲದ ದೊಡ್ಡ ತಾಮ್ರದ ಒಂದು ಸೆಂಟ್ ನಾಣ್ಯ) ಒಂದು ಬಂದಿದೆ. ಕೂದಲಿಗೆ ರಿಬ್ಬನ್, ಎದೆಗೆ ಬಟ್ಟೆ ಹೊದ್ದ ಲಿಬರ್ಟಿ, ಅಂದರೆ ಡ್ರೇಪ್ಡ್ ಬಸ್ಟ್. ಇಸವಿಯಲ್ಲಿ 180 ಅಷ್ಟೇ ಓದಲು ಆಗುತ್ತದೆ, ಕೊನೆಯ ಅಂಕಿ ಸವೆದುಹೋಗಿದೆ. ತೂಕ 10.3 ಗ್ರಾಂ, ಅಂಚು ನುಣುಪು. ಕೊಟ್ಟವರು 'ಅಪರೂಪದ 1804 ಇದ್ದರೂ ಇರಬಹುದು' ಅಂತ ಹೇಳಿ ನನ್ನ ನಿದ್ದೆ ಕೆಡಿಸಿದ್ದಾರೆ. ಇನ್ನೊಂದು ವಿಷಯ, ಹಿಂಬದಿಯಲ್ಲಿ ಎಲೆಮಾಲೆಯ ಕೆಳಗೆ 1/100 (ಡಾಲರಿನ ನೂರನೇ ಒಂದು ಭಾಗ) ಇರಬೇಕಲ್ವಾ, ನನ್ನದರಲ್ಲಿ 1/000 ಇದ್ದ ಹಾಗೆ ಕಾಣುತ್ತಿದೆ. ಸವೆತಕ್ಕೆ ಹಾಗಾಗಿದೆಯೋ ಏನೋ. ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಇಸವಿ ಮೇಲೆ ಬರುತ್ತದಾ?

ಭೂತಗನ್ನಡಿ:
ದಯವಿಟ್ಟು ಉಜ್ಜಬೇಡಿ! ತಾಮ್ರದ ಬಣ್ಣ ಒಮ್ಮೆ ಹೋದರೆ ಹೋಯಿತು. ಉಜ್ಜಿದರೆ ಅಂಕಿ ಮೇಲೆ ಬರುವುದಿಲ್ಲ, ಉಳಿದ ಚೂರೂ ಹೋಗುತ್ತದೆ. ಕೋಣೆ ಕತ್ತಲು ಮಾಡಿ, ಒಂದೇ ದೀಪವನ್ನು ಪಕ್ಕದಿಂದ ಓರೆಯಾಗಿ ಬಿಟ್ಟು, ನಾಣ್ಯವನ್ನು ನಿಧಾನವಾಗಿ ತಿರುಗಿಸಿ ನೋಡಿ. ನೆರಳಿನಲ್ಲಿ ಏನಾದರೂ ಸಿಗುತ್ತದೆ.

ಅಚ್ಚಿನಮನೆ:
ಇಸವಿ ಪಕ್ಕಕ್ಕಿಡಿ, ನಿಮ್ಮ ಕೈಲಿರುವ ಒಳ್ಳೆಯ ಸುಳಿವು ಆ ಭಿನ್ನರಾಶಿ.

1804ರ ಆಸೆ ಬಿಟ್ಟುಬಿಡಿ. ಆ ವರ್ಷದ ಸೆಂಟ್‌ಗಳೆಲ್ಲ ಒಂದೇ ಜೋಡಿ ಅಚ್ಚಿನಿಂದ (ಮುಂಬದಿಗೊಂದು, ಹಿಂಬದಿಗೊಂದು ಲೋಹದ ಮುದ್ರೆ) ಬಂದವು, ದೊಡ್ಡ ಸೆಂಟ್‌ಗಳ ಅಚ್ಚಿನ ಜೋಡಿಗಳಿಗೆ ನಂಬರ್ ಕೊಟ್ಟಿರುವ ಶೆಲ್ಡನ್ ಪಟ್ಟಿಯಲ್ಲಿ ಎಸ್-266, ಅದರಲ್ಲಿ ಭಿನ್ನರಾಶಿ ಸರಿಯಾಗೇ ಇದೆ. ಅದನ್ನು ಗುರುತಿಸುವುದೂ ಸುಲಭ: ಇಸವಿಯ ಸೊನ್ನೆಗೆ ಸೂಜಿ ಚುಚ್ಚಿದರೆ ಹಿಂದೆ 'ಆಫ್' ಪದದ ಓ ಅಕ್ಷರದಲ್ಲಿ ಹೊರಗೆ ಬರಬೇಕು. (ಸುಮ್ನೆ ಹೇಳಿದೆ, ಚುಚ್ಚಬೇಡಿ.)

ಇನ್ನು 1/000. ಇದು ನಿಜವಾದ ತಪ್ಪೇ. ಆಗ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಅಚ್ಚಿನ ಮೇಲೆ ಅಕ್ಷರ, ಅಂಕಿಗಳನ್ನು ಒಂದೊಂದಾಗಿ ಪಂಚ್ (ತುದಿಯಲ್ಲಿ ಅಕ್ಷರ ಇರುವ ಉಳಿ) ಇಟ್ಟು ಸುತ್ತಿಗೆಯಲ್ಲಿ ಹೊಡೆದು ಕೂರಿಸುತ್ತಿದ್ದರು, ಅದೂ ಕನ್ನಡಿಯಲ್ಲಿ ಕಾಣುವ ಹಾಗೆ ತಿರುವುಮುರುವಾಗಿ. ಹಾಗಾಗಿ ಒಂದು ಅಚ್ಚಿನ ಹಾಗೆ ಇನ್ನೊಂದು ಇರುವುದಿಲ್ಲ, ನಾವು ಎರಡು ಶತಮಾನ ಆದಮೇಲೂ ಕೂತು ಎಲೆ ಎಣಿಸುತ್ತಿರುವುದು ಅದಕ್ಕೇ. ಯಾರೋ 1 ಹೊಡೆಯುವ ಕಡೆ 0 ಹೊಡೆದರು, ಅಚ್ಚು ಹಾಗೇ ಓಡಿತು. 1801ರಲ್ಲೂ 1802ರಲ್ಲೂ ಇಂಥ ಸೆಂಟ್ ಇವೆ.

ಗೆರೆಯ ಕೆಳಗಿನ ಮೊದಲ ಸೊನ್ನೆಯ ಮೇಲೆ 1 ಹೊಡೆದ ಗುರುತು ಇದೆಯಾ ನೋಡಿ. ಇದ್ದರೆ ಕಥೆಯೇ ಬೇರೆ, ಅದು ತಿದ್ದಿದ ಅಚ್ಚು, 1801 ಅಥವಾ 1803. ಇಲ್ಲದಿದ್ದರೆ 'ಯುನೈಟೆಡ್' ಪದದ ಮೊದಲ ಅಕ್ಷರಕ್ಕೆ ಬನ್ನಿ. ಯು ಬದಲು ಎರಡು ಐ ನಿಂತ ಹಾಗಿದ್ದು, ಮಾಲೆಗೆ ಎರಡು ತೊಟ್ಟು ಇರಬೇಕಾದ ಕಡೆ ಒಂದೇ ಇದ್ದರೆ ಅದು 1801ರ ಹೆಸರುವಾಸಿ 'ಮೂರು ತಪ್ಪು' ಸೆಂಟ್, ಎಸ್-219. ಒಂದೇ ಅಚ್ಚಿನಲ್ಲಿ ಮೂರು ತಪ್ಪು, ಆ ದಿನ ಪಾಪ ಅವನಿಗೆ ಏನಾಗಿತ್ತೋ!

ಹಳೇತಾಮ್ರ:
ಉಜ್ಜಲಿಲ್ಲ, ಪುಣ್ಯಕ್ಕೆ ಮೊದಲೇ ಕೇಳಿದೆ. ಸೊನ್ನೆಯ ಮೇಲೆ 1 ಇಲ್ಲ. ತೊಟ್ಟು ಎರಡೂ ಇವೆ, ಯು ಕೂಡ ಸರಿಯಾಗಿದೆ. ಹಾಗಾದರೆ ಮೂರು ತಪ್ಪಿನದಲ್ಲ. ಸ್ವಲ್ಪ ಬೇಜಾರಾಯಿತು. ತೂಕ ಕಮ್ಮಿ ಇರುವುದು ಪರವಾಗಿಲ್ವಾ?

ಭೂತಗನ್ನಡಿ:
ತೂಕ ಸರಿಯಾಗಿದೆ. 1795ರ ಕೊನೆಯಲ್ಲಿ ಸೆಂಟ್ ತೂಕವನ್ನು 208 ಗ್ರೇನ್‌ನಿಂದ 168ಕ್ಕೆ ಇಳಿಸಿದರು, ಅಂದರೆ ಸುಮಾರು 10.89 ಗ್ರಾಂ. ಇಷ್ಟು ಸವೆದದ್ದಕ್ಕೆ 10.3 ಒಪ್ಪುವ ಲೆಕ್ಕವೇ. ಅಂಚಿನ ಸುತ್ತ ಎರಕದ ಜೋಡಣೆಯ ಗೆರೆ (ಇದ್ದರೆ ಎರಕ ಹೊಯ್ದ ನಕಲಿ) ಇಲ್ಲ ಅಂತ ಮಾತ್ರ ಖಚಿತ ಮಾಡಿಕೊಳ್ಳಿ.

ಹಳೇತಾಮ್ರ:
ಗೆರೆ ಇಲ್ಲ. ದೀಪದ ಉಪಾಯ ಕೆಲಸ ಮಾಡಿತು! ಮೂರು ಸಲ ಏನೂ ಕಾಣಲಿಲ್ಲ, ನಾಲ್ಕನೇ ಸಲ ನಾಣ್ಯವನ್ನು ತಲೆಕೆಳಗೆ ಹಿಡಿದಾಗ ಕೊನೆಯ ಅಂಕಿಯ ತುದಿಯಲ್ಲಿ ಬಾಗಿದ ನೆರಳು, ಬುಡದಲ್ಲಿ ಅಡ್ಡ ಗೆರೆ. ಫೋಟೋದಲ್ಲಿ ಬರುತ್ತಿಲ್ಲ, ಆದರೆ ಕಣ್ಣಿಗೆ 2 ಅಂತಲೇ ಅನ್ನಿಸುತ್ತದೆ.

ಅಚ್ಚಿನಮನೆ:
ತುದಿ ಬಾಗಿದ್ದರೆ 1 ಅಲ್ಲ. 1802 ಮತ್ತು 1/000 ಸೇರಿದರೆ ಎಸ್-228. ಆದರೂ ಒಂದೇ ಸುಳಿವಿನ ಮೇಲೆ ಲಕೋಟೆಯಲ್ಲಿ ನಂಬರ್ ಬರೆಯಬೇಡಿ, ನಾನು ಹಾಗೆ ಬರೆದು ಎರಡು ವರ್ಷ ತಪ್ಪು ಹೆಸರಲ್ಲಿ ಒಂದು ಸೆಂಟ್ ಇಟ್ಟುಕೊಂಡಿದ್ದೆ. 1, 8, 0 ನಡುವಿನ ಅಂತರ, ಮೊದಲ 1 ಕೂದಲಿಗೆ ಎಷ್ಟು ಹತ್ತಿರ, ಹಿಂದೆ ಯಾವ ಎಲೆಯ ತುದಿ ಯಾವ ಅಕ್ಷರದ ಕೆಳಗೆ ಬರುತ್ತದೆ, ಇಷ್ಟನ್ನು ಒಳ್ಳೆಯ ಎಸ್-228 ಚಿತ್ರದ ಜೊತೆ ಹೋಲಿಸಿ. ಸವೆದ ನಾಣ್ಯದಲ್ಲೂ ಈ ಜಾಗಗಳು ಬದಲಾಗುವುದಿಲ್ಲ.

ಹಳೇತಾಮ್ರ:
ಹೋಲಿಸಿದೆ. ಎಲೆ, ಅಂಕಿ ಎರಡೂ ಕೂಡಿ ಬಂದವು. ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.