46ರಲ್ಲಿ ಊರಿಗೆ ವಾಪಸ್, ಪಣಜಿಯಲ್ಲಿ ಪೋಕರ್: ಹೊಟ್ಟೆ ತುಂಬುತ್ತದಾ?

ಸದಾಶಿವಗಡದವ
ವಯಸ್ಸು 46. ಇಪ್ಪತ್ತೆರಡು ವರ್ಷ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದೆ. ಈಗ ಕಂಪನಿಯವರು ಒಂದಿಷ್ಟು ದುಡ್ಡು ಕೊಟ್ಟು ಮನೆಗೆ ಕಳಿಸಿದ್ದಾರೆ. ಐದು ವರ್ಷ ರಾತ್ರಿ ಹೊತ್ತು ಆನ್‌ಲೈನ್ ಪೋಕರ್, ಅಂದರೆ ಹಣ ಕಟ್ಟಿ ಆಡುವ ಇಸ್ಪೀಟ್ ಆಟ, ಆಡಿದೆ, ಲಾಭದಲ್ಲೇ ಇದ್ದೆ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂತಲ್ಲ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳೆಲ್ಲ ಬಂದ್. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದವನ್ನೇ ಅದು ಇಟ್ಟಿಲ್ಲ. ಇನ್ನು ಉಳಿದದ್ದು ಎದುರುಬದುರು ಕೂತು ಆಡುವ ಟೇಬಲ್. ಅಂದರೆ ಗೋವಾದ ಕ್ಯಾಸಿನೋ.

ಯೋಚನೆ ಹೀಗಿದೆ. ಬಾಡಿಗೆ ಮನೆ ಬಿಟ್ಟು ಕಾರವಾರದ ಸದಾಶಿವಗಡದ ನಮ್ಮ ಮನೆಗೆ ಬರುವುದು. ಅಲ್ಲಿ ಅಮ್ಮ ಒಬ್ಬರೇ ಇದ್ದಾರೆ. ವಾರಕ್ಕೆ ನಾಲ್ಕು ದಿನ ಪಣಜಿ. 100-200 ಬ್ಲೈಂಡ್‌ನ (ಪ್ರತಿ ಆಟದ ಶುರುವಿಗೇ ಇಬ್ಬರು ಕಟ್ಟಲೇಬೇಕಾದ 100, 200 ರೂಪಾಯಿ) ಕ್ಯಾಶ್ ಟೇಬಲ್, ತಿಂಗಳಿಗೆ 120 ಗಂಟೆ ಆಟ. ಆಟಕ್ಕೆಂದು 8 ಲಕ್ಷ ಬೇರೆ ಇಟ್ಟಿದ್ದೇನೆ. ಮನೆ ಖರ್ಚಿಗೆ ಒಂದೂವರೆ ವರ್ಷದ್ದು ಬೇರೆ ಇದೆ. ಇದು ಹುಚ್ಚುತನ ಅಂತ ನನಗೂ ಗೊತ್ತು. ಎಷ್ಟು ಹುಚ್ಚುತನ ಅಂತ ಹೇಳಿ.

ಅಂಕೋಲಾ ಅಕ್ಕ
ಮನೆಯವರಿಗೆ ಗೊತ್ತಾ?

ಹಳೇ ಬಸ್‌ಸ್ಟ್ಯಾಂಡ್
ಸಾಕ್ಷಾತ್ ಧರ್ಮರಾಯನಿಗೇ ಆಗಲಿಲ್ಲ, ನಿಮಗೆ ಆಗುತ್ತದಾ?

ಮಾಂಡೋವಿ ಮಾಜಿ
ಧರ್ಮರಾಯನ ತಪ್ಪು ಆಟದ್ದಲ್ಲ, ಎಷ್ಟು ಕಟ್ಟಬೇಕು ಎಂಬ ಲೆಕ್ಕದ್ದು. ರಾಜ್ಯ ಹೋದಾಗಲೇ ಏಳಬೇಕಿತ್ತು. ಅದೂ ಅಲ್ಲದೆ ಶಕುನಿಯ ದಾಳದಲ್ಲಿ ಆಡುತ್ತಾರಾ ಯಾರಾದರೂ?

ನಾನು ಪಣಜಿಯ ಕ್ಯಾಸಿನೋ ಹಡಗಿನಲ್ಲಿ ಆರು ವರ್ಷ ಎಲೆ ಹಂಚಿದವನು. ಈಗ ಬಿಟ್ಟಿದ್ದೇನೆ. ಸದಾಶಿವಗಡದವರಿಗೆ ಒಂದು ವಿಷಯ ಹೇಳಬೇಕು. ಗೋವಾದಲ್ಲೇ ಮನೆ ಮಾಡದೆ ಗಡಿಯ ಈಚೆ ಇರುವುದು ಒಳ್ಳೆಯ ಯೋಚನೆ. 2020ರ ಫೆಬ್ರುವರಿ 1ರಿಂದ ಗೋವಾದವರು ಕ್ಯಾಸಿನೋದಲ್ಲಿ ಆಡುವಂತಿಲ್ಲ ಅಂತ ಅಲ್ಲಿನ ಸರ್ಕಾರ ನಿಯಮ ಮಾಡಿದೆ, ಪ್ರವಾಸಿಗರಿಗೆ ಮಾತ್ರ. ಆಧಾರ್‌ನಲ್ಲಿ ಕಾರವಾರದ ವಿಳಾಸ ಇದ್ದರೆ ನೀವು ಪ್ರವಾಸಿಗರು. ಎಷ್ಟೋ ಜನ ಮಡಗಾಂವಿನಲ್ಲಿ ಮನೆ ಮಾಡಿ, ವಿಳಾಸ ಬದಲಾಯಿಸಿ, ಆಮೇಲೆ ಬಾಗಿಲಲ್ಲಿ ನಿಂತು ವಾದ ಮಾಡಿದ್ದನ್ನು ನೋಡಿದ್ದೇನೆ.

ಸದಾಶಿವಗಡದವ
ಅದು ಗೊತ್ತಿದ್ದೇ ಕಾರವಾರ ಆರಿಸಿದ್ದು. ಇನ್ನೊಂದು, ನಮ್ಮದು ಕಾಳಿ ಹೊಳೆಯ ಆಚೆ ದಡ. 2024ರ ಆಗಸ್ಟ್‌ನಲ್ಲಿ ಹಳೆಯ ಸೇತುವೆ ಬಿದ್ದಾಗಲೂ ಗೋವಾಕ್ಕೆ ಹೋಗುವ ನಮಗೆ ತೊಂದರೆ ಇರಲಿಲ್ಲ. ಗಡಿಯ ಮಾಜಾಳಿ ದಾಟಿದರೆ ಆಯಿತು.

ಕುಮಟಾ ಮಾಸ್ತರ
ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿ ನಿವೃತ್ತನಾದವನು. ಜೂಜು ಪಾಪವೋ ಪುಣ್ಯವೋ ನನಗೆ ಬೇಡ. ಲೆಕ್ಕ ಮಾತ್ರ ಹೇಳುತ್ತೇನೆ.

ನೀವು ಚೆನ್ನಾಗಿಯೇ ಆಡುತ್ತೀರಿ ಅಂತ ಇಟ್ಟುಕೊಳ್ಳೋಣ. ಗಂಟೆಗೆ 5 ಬಿಗ್ ಬ್ಲೈಂಡ್ (ಆ ಎರಡರಲ್ಲಿ ದೊಡ್ಡದು, 200 ರೂಪಾಯಿ) ಗೆಲುವು. ಅಂದರೆ 1,000 ರೂಪಾಯಿ. ತಿಂಗಳಿಗೆ 1.2 ಲಕ್ಷ. ಚಂದ ಕಾಣುತ್ತದೆ. ಆದರೆ ಈ ಆಟದ ಏರಿಳಿತ ಗಂಟೆಗೆ ಸುಮಾರು 50 ಬಿಗ್ ಬ್ಲೈಂಡ್. ಅದು ಗಂಟೆಗಳ ವರ್ಗಮೂಲದ ಲೆಕ್ಕದಲ್ಲಿ ಬೆಳೆಯುತ್ತದೆ. 120ರ ವರ್ಗಮೂಲ ಹತ್ತಿರ ಹತ್ತಿರ 11. ತಿಂಗಳ ಏರಿಳಿತ 550 ಬ್ಲೈಂಡ್, ಅಂದರೆ 1.1 ಲಕ್ಷ. ಗಳಿಕೆಯಷ್ಟೇ ಅಲುಗಾಟ. ಹಾಗಾಗಿ ತಪ್ಪೇ ಮಾಡದಿದ್ದರೂ ಏಳು ತಿಂಗಳಿಗೊಂದು ತಿಂಗಳು ನಷ್ಟ. ಗಂಟೆಗೆ 2 ಬ್ಲೈಂಡ್ ಗೆಲ್ಲುವವರಾದರೆ ಮೂರಕ್ಕೊಂದು ತಿಂಗಳು ನಷ್ಟ.

ಕಷ್ಟ ಇರುವುದು ಇಲ್ಲಿ. ನೀವು 5ರವರೋ 2ರವರೋ ಅಥವಾ ಮೈನಸ್ 2ರವರೋ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ? ಟೇಬಲ್‌ನಲ್ಲಿ ಕೂತರೆ ಗಂಟೆಗೆ ಹೆಚ್ಚೆಂದರೆ 30 ಕೈ, ಅಂದರೆ 30 ಸುತ್ತು. ತಿಂಗಳಿಗೆ 3,600. ಆನ್‌ಲೈನ್‌ನಲ್ಲಿ ನಾಲ್ಕು ಟೇಬಲ್ ತೆರೆದು ಅಷ್ಟನ್ನು ಒಂದೆರಡು ವಾರದಲ್ಲಿ ಮುಗಿಸುತ್ತಿದ್ದಿರಿ. ಇಲ್ಲಿ ಆಟ ಒಳ್ಳೆಯದೋ ಅದೃಷ್ಟ ಒಳ್ಳೆಯದೋ ಅಂತ ಗೊತ್ತಾಗುವಷ್ಟರಲ್ಲಿ ಮಕ್ಕಳ ಪಿಯುಸಿ ಮುಗಿದಿರುತ್ತದೆ.

8 ಲಕ್ಷ ಅಂದರೆ, ಟೇಬಲ್‌ಗೆ ಕೂರುವಾಗ ಒಂದು ಸಲಕ್ಕೆ ಇಡುವ 20 ಸಾವಿರದ 40 ಕಂತು. ಅದು ಸಾಕಷ್ಟಾಯಿತು. ಆ ಲೆಕ್ಕ ಬಲ್ಲವರು ಅಂತ ಕಾಣುತ್ತದೆ, ಅದಕ್ಕೇ ಇಷ್ಟು ಬರೆದೆ.

ತೋಟದ ಮನೆ, ಶಿರಸಿ
ಮಾಸ್ತರರೇ, ಇದೇ ಲೆಕ್ಕವನ್ನು ನಮ್ಮ ಅಡಿಕೆಗೆ ಹಾಕಿ ನೋಡಿ. ಗಿಡ ನೆಟ್ಟು ಐದಾರು ವರ್ಷ ಕಾಯಬೇಕು. ಮಳೆಗಾಲದಲ್ಲಿ ಮದ್ದು ಹೊಡೆಯಲು ಎರಡು ದಿನ ಬಿಸಿಲು ಸಿಗದಿದ್ದರೆ ಕೊಳೆ ಬಂದು ಅರ್ಧ ಫಸಲು ಮರದ ಬುಡದಲ್ಲಿ. ಉಳಿದದ್ದಕ್ಕೆ ದರ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ. ನಮ್ಮನ್ನು ಯಾರೂ ಜೂಜುಕೋರ ಅನ್ನುವುದಿಲ್ಲ, ಕೃಷಿಕ ಅನ್ನುತ್ತಾರೆ. ಈ ಮನುಷ್ಯ ಲೆಕ್ಕ ಹಾಕಿ, ದುಡ್ಡು ಬೇರೆ ತೆಗೆದಿಟ್ಟು ಹೊರಟಿದ್ದಾನೆ. ನನ್ನ ಕಣ್ಣಿಗೆ ನಮಗಿಂತ ಜಾಣ.

ಬೈತಖೋಲ ಬೋಟ್
ಭಟ್ರೇ, ನಮ್ಮದೂ ಅದೇ ಕಥೆ. ಡೀಸೆಲ್, ಐಸು, ಕಲಾಸಿಗಳ ಊಟ ಎಲ್ಲ ಹಾಕಿ ಹೋಗಿ ಖಾಲಿ ಬಂದ ದಿನ ಎಷ್ಟೋ. ಜೂನ್ 1ರಿಂದ ಜುಲೈ 31, 61 ದಿನ ಬೋಟು ದಡದಲ್ಲೇ. ಆದರೂ ಒಂದು ವ್ಯತ್ಯಾಸ ಇದೆ. ನಾವು ಬಂಗಡೆ ತಂದರೆ ಯಾರದೋ ಮನೆಯಲ್ಲಿ ಸಾರಾಗುತ್ತದೆ. ನಿಮ್ಮ ಅಡಿಕೆಯನ್ನು ಯಾರೋ ಅಗಿಯುತ್ತಾರೆ. ಇವರ ಟೇಬಲ್‌ನಲ್ಲಿ ಹೊಸದಾಗಿ ಏನು ಹುಟ್ಟುತ್ತದೆ? ಒಬ್ಬನ ಕಿಸೆಯಿಂದ ಇನ್ನೊಬ್ಬನ ಕಿಸೆಗೆ.

ತೋಟದ ಮನೆ, ಶಿರಸಿ
ಶೇರು ಮಾರುಕಟ್ಟೆಯಲ್ಲಿ ದಿನಾ ಕೊಂಡು ಮಾರುವವರು ಏನು ಹುಟ್ಟಿಸುತ್ತಾರೆ? ಅವರಿಗೆ ಹೆಣ್ಣು ಕೊಡುತ್ತೀರಲ್ಲ.

ಬೈತಖೋಲ ಬೋಟ್
ನಾನು ಕೊಡಲಿಲ್ಲ ಮಾರಾಯ್ರೆ.

ಮಾಂಡೋವಿ ಮಾಜಿ
ಬೋಟಿನವರು ಹೇಳಿದ್ದು ಇನ್ನೂ ಅರ್ಧ. ಒಬ್ಬನ ಕಿಸೆಯಿಂದ ಇನ್ನೊಬ್ಬನ ಕಿಸೆಗೆ ಹೋಗುವಾಗ ದಾರಿಯಲ್ಲಿ ಮನೆಯವರು, ಅಂದರೆ ಕ್ಯಾಸಿನೋ, ಪ್ರತಿ ಪಾಟ್‌ನಿಂದಲೂ, ಅಂದರೆ ಒಂದು ಸುತ್ತಿಗೆ ಎಲ್ಲರೂ ಕಟ್ಟಿದ ರಾಶಿಯಿಂದಲೂ, ಪಾಲು ತೆಗೆಯುತ್ತಾರೆ. ಅದೇ ರೇಕ್. ಒಂಬತ್ತು ಮಂದಿ ರಾತ್ರಿಯಿಡೀ ಸಮಬಲದಲ್ಲಿ ಆಡಿದರೆ ಬೆಳಿಗ್ಗೆ ಒಂಬತ್ತೂ ಮಂದಿ ಸೋತಿರುತ್ತಾರೆ. ಮೇಲಿಂದ ನನ್ನಂಥವನಿಗೆ ಟಿಪ್ಸ್. ಗೆಲ್ಲಬೇಕಾದರೆ ಎದುರಿನವರಿಗಿಂತ ಚೆನ್ನಾಗಿ ಆಡಿದರೆ ಸಾಲದು, ರೇಕ್ ಮೀರುವಷ್ಟು ಚೆನ್ನಾಗಿ ಆಡಬೇಕು.

ಮತ್ತೆ ಎದುರಿನವರು ಯಾರು? ಶನಿವಾರ ರಾತ್ರಿ ಪ್ರವಾಸಿಗರು ಬರುತ್ತಾರೆ, ನಾಲ್ಕು ಪೆಗ್ ಹಾಕಿರುತ್ತಾರೆ, ಯಾವ ಎಲೆ ಬಂದರೂ ಆಡುತ್ತಾರೆ. ಅವತ್ತು ಟೇಬಲ್ ಚೆನ್ನಾಗಿರುತ್ತದೆ. ಮಂಗಳವಾರ ಹೋಗಿ ನೋಡಿ. ಏಳು ಮಂದಿ ನಿಮ್ಮಂಥವರೇ. ನೌಕರಿ ಬಿಟ್ಟವರು, ಕಿವಿಗೆ ಹೆಡ್‌ಫೋನ್, ಮುಂದೆ ನೀರಿನ ಬಾಟಲ್. ಎಲ್ಲರೂ ಒಬ್ಬ ಪ್ರವಾಸಿಗಾಗಿ ಬಾಗಿಲು ನೋಡುತ್ತಾ ಕೂತಿರುತ್ತಾರೆ. ಅವನು ಬಂದು 20 ಸಾವಿರ ಸೋತು ಎದ್ದು ಹೋದರೆ ಆಟವೇ ನಿಂತುಬಿಡುತ್ತದೆ. ಆನ್‌ಲೈನ್ ನಿಂತಮೇಲೆ ಅಲ್ಲಿನ ಗಟ್ಟಿ ಆಟಗಾರರಿಗೂ ನಿಮಗೆ ಬಂದ ಯೋಚನೆಯೇ ಬಂದಿರುತ್ತದೆ ಅಲ್ವಾ?

ಸದಾಶಿವಗಡದವ
ಈ ಮಂಗಳವಾರದ ವಿಷಯ ನಾನು ಯೋಚಿಸಿರಲಿಲ್ಲ. ಹಾಗಾದರೆ ಶುಕ್ರ, ಶನಿ, ಭಾನು ಮಾತ್ರ ಹೋದರೆ?

ಮಾಂಡೋವಿ ಮಾಜಿ
ಆಗ 120 ಗಂಟೆ ಎಲ್ಲಿ ಬಂತು?

ಹಳೇ ಬಸ್‌ಸ್ಟ್ಯಾಂಡ್
ಪಣಜಿ ಯಾಕೆ, ಕಾರವಾರದಲ್ಲೇ ನಾಲ್ಕು ಜನ ಸೇರಿಸಿ ಮನೆಯಲ್ಲಿ ಟೇಬಲ್ ಹಾಕಿ. ಇಲ್ಲವೇ ಹೊರದೇಶದ ಸೈಟ್ ಇದೆಯಲ್ಲ.

ಲೆಕ್ಕಪತ್ರ, ಹೊನ್ನಾವರ
ಎರಡೂ ಬೇಡ. ಹೊಸ ಕಾಯ್ದೆಯಲ್ಲಿ ಆಡುವವನಿಗೆ ಶಿಕ್ಷೆ ಇಲ್ಲ, ಆಡಿಸುವವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಬ್ಯಾಂಕುಗಳು ಆ ಹಣ ಸಾಗಿಸುವಂತಿಲ್ಲ. ಗೆದ್ದ ದುಡ್ಡು ಹೊರಗೆ ತರುವುದು ಹೇಗೆ? ಇನ್ನು ಮನೆಯ ಟೇಬಲ್. 2013ರಲ್ಲಿ ಕರ್ನಾಟಕ ಹೈಕೋರ್ಟ್ ಪೋಕರ್ ಆಟಗಾರರ ಪರ ಹೇಳಿತ್ತು, 2017ರಲ್ಲಿ ಗುಜರಾತ್ ಹೈಕೋರ್ಟ್ ಅದು ಜೂಜು ಅಂದಿತು. ರಾತ್ರಿ ಒಂದು ಗಂಟೆಗೆ ಬಾಗಿಲು ಬಡಿದ ಪೇದೆಗೆ ಯಾವ ತೀರ್ಪು ಓದಿ ಹೇಳುತ್ತೀರಿ?

ನಾನು ಹೇಳಬೇಕೆಂದು ಬಂದದ್ದು ಬೇರೆ. ಇಷ್ಟು ಹೊತ್ತು ಯಾರೂ ತೆರಿಗೆ ಎತ್ತಲಿಲ್ಲ. ಲಾಟರಿ, ಇಸ್ಪೀಟಿನ ಗೆಲುವಿಗೆ ನೇರ ಶೇ 30, ಅದರ ಮೇಲೆ ಶೇ 4 ಸೆಸ್. ಒಟ್ಟು ಶೇ 31.2. ಇಷ್ಟರವರೆಗೆ ತೆರಿಗೆ ಇಲ್ಲ ಎಂಬ ಮಿತಿ ಇದಕ್ಕಿಲ್ಲ. ಬಸ್ ಖರ್ಚು ಕಳೆಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯ, ಸೋಲು ಕಳೆಯುವಂತಿಲ್ಲ.

ಮಾಸ್ತರರ ಲೆಕ್ಕದ ಒಳ್ಳೆಯ ಆಟಗಾರನನ್ನೇ ತೆಗೆದುಕೊಳ್ಳಿ. ವರ್ಷದಲ್ಲಿ ಗೆದ್ದ ರಾತ್ರಿಗಳ ಮೊತ್ತ 25 ಲಕ್ಷ, ಸೋತ ರಾತ್ರಿಗಳದ್ದು 13 ಲಕ್ಷ ಅನ್ನಿ. ಕೈಯಲ್ಲಿ ಉಳಿದದ್ದು 12. ತೆರಿಗೆ 12ರ ಮೇಲಲ್ಲ, 25ರ ಮೇಲೆ. ಅದು 7.8 ಲಕ್ಷ. ಉಳಿದದ್ದು 4.2 ಲಕ್ಷ. ತಿಂಗಳಿಗೆ 35 ಸಾವಿರ. ಹಾಂ, ಕ್ಯಾಸಿನೋ ಒಳಗೆ ಹೋಗುವ ಟಿಕೆಟ್ಟಿಗೂ 2025ರ ಸೆಪ್ಟೆಂಬರ್ 22ರಿಂದ ಶೇ 40 ಜಿಎಸ್‌ಟಿ.

ಸದಾಶಿವಗಡದವ
ಸರ್, ಕ್ಯಾಶ್ ಟೇಬಲ್‌ನಲ್ಲಿ ರಾತ್ರಿ ರಾತ್ರಿಯ ಲೆಕ್ಕ ಯಾರು ಬರೆದಿಟ್ಟುಕೊಳ್ಳುತ್ತಾರೆ?

ಲೆಕ್ಕಪತ್ರ, ಹೊನ್ನಾವರ
ಅದನ್ನು ನನ್ನ ಹತ್ತಿರ ಹೇಳಬೇಡಿ. ಇನ್ನು ಮೂರು ವರ್ಷಕ್ಕೆ ಮಕ್ಕಳ ಓದಿಗೆ ಸಾಲ ಬೇಕಾದಾಗ ಬ್ಯಾಂಕ್ ಮ್ಯಾನೇಜರ್ ಆದಾಯದ ಕಾಗದ ಕೇಳುತ್ತಾರೆ, ಅವರ ಹತ್ತಿರ ಹೇಳಿ.

ತೋಟದ ಮನೆ, ಶಿರಸಿ
ಇದು ಅನ್ಯಾಯ. ಸೋತದ್ದನ್ನು ಕಳೆಯದೆ ಗೆದ್ದದ್ದಕ್ಕೆ ತೆರಿಗೆ ಅಂದರೆ, ಬಿದ್ದ ಅಡಿಕೆ ಲೆಕ್ಕಕ್ಕಿಲ್ಲ, ಕೊಯ್ದದ್ದಕ್ಕೆ ಮಾತ್ರ ಪಾಲು ಕೊಡು ಅಂದ ಹಾಗೆ.

ಲೆಕ್ಕಪತ್ರ, ಹೊನ್ನಾವರ
ಅನ್ಯಾಯವೇ ಇರಬಹುದು. ನಾನು ಕಾಯ್ದೆ ಮಾಡಿದವನಲ್ಲ. ನಿಮ್ಮ ಅಡಿಕೆಗೆ ಆದಾಯ ತೆರಿಗೆಯೇ ಇಲ್ಲ ಎಂಬುದನ್ನೂ ನೆನಪು ಮಾಡುತ್ತೇನೆ.

ಅಂಕೋಲಾ ಅಕ್ಕ
ಇಷ್ಟು ಜನ ಇಷ್ಟು ಲೆಕ್ಕ ಹಾಕಿದಿರಿ, ದಾರಿಯ ಹೊತ್ತು ಯಾರೂ ಹಾಕಲಿಲ್ಲ. ನಾನು ಆರು ವರ್ಷ ಅಂಕೋಲಾದಿಂದ ಮಡಗಾಂವಿಗೆ ಓಡಾಡಿದವಳು. ಸದಾಶಿವಗಡದಿಂದ ಪಣಜಿ ನೂರು ಕಿಲೋಮೀಟರ್ ಹತ್ತಿರ. ಕಾಣಕೋಣ ದಾಟಿ ಕರ್ಮಲ್ ಘಾಟ್ ತಿರುವು, ಮಳೆಗಾಲದ ರಾತ್ರಿ ಎದುರಿಗೆ ಲಾರಿ ದೀಪ. ಹೋಗಿ ಬರಲು ಐದು ಗಂಟೆ. ವಾರಕ್ಕೆ ನಾಲ್ಕು ಸಲ ಅಂದರೆ ತಿಂಗಳಿಗೆ 80 ಗಂಟೆ. ನಿಮ್ಮ 120 ಗಂಟೆ 200 ಆಯಿತು. ಗಂಟೆಗೆ 1,000 ಇದ್ದದ್ದು 600, ಹೊನ್ನಾವರದವರ ತೆರಿಗೆಗೆ ಮೊದಲೇ. ರಾತ್ರಿ ಎರಡಕ್ಕೆ ಎದ್ದು ಗಾಡಿ ಓಡಿಸುತ್ತೀರಾ, ಅಲ್ಲೇ ರೂಮ್ ಮಾಡುತ್ತೀರಾ? ರೂಮ್ ಬಾಡಿಗೆ ಯಾವ ಕಾಲಮ್ಮಿನಲ್ಲಿದೆ?

ಮನೆಯವರಿಗೆ ಗೊತ್ತಾ ಎಂಬ ನನ್ನ ಮೊದಲ ಪ್ರಶ್ನೆಗೆ ಉತ್ತರ ಬರಲಿಲ್ಲ.

ಕುಮಟಾ ಮಾಸ್ತರ
ಅಕ್ಕೋರು ನನ್ನ ಕಿವಿ ಹಿಂಡಿದರು, ಒಪ್ಪಿದೆ. ಸದಾಶಿವಗಡದವರೇ, ಐದು ವರ್ಷ ಲಾಭದಲ್ಲಿದ್ದೆ ಅಂದಿರಲ್ಲ. ಅದನ್ನು ಬಿಡಿಸಿ ಹೇಳುತ್ತೀರಾ? ಕ್ಯಾಶ್ ಟೇಬಲ್‌ನಿಂದ ಎಷ್ಟು, ಟೂರ್ನಮೆಂಟ್‌ನಿಂದ ಎಷ್ಟು?

ಸದಾಶಿವಗಡದವ
ಒಟ್ಟು 9.4 ಲಕ್ಷ. ಅದರಲ್ಲಿ 7.8 ಒಂದೇ ಟೂರ್ನಮೆಂಟ್, 2023ರಲ್ಲಿ.

ಕುಮಟಾ ಮಾಸ್ತರ
ಅಂದರೆ ನೀವು ಪಣಜಿಯಲ್ಲಿ ಆಡಬೇಕೆಂದಿರುವ ಆಟದಲ್ಲಿ ಐದು ವರ್ಷಕ್ಕೆ 1.6 ಲಕ್ಷ. ವರ್ಷಕ್ಕೆ 32 ಸಾವಿರ.

ಬೈತಖೋಲ ಬೋಟ್
ಒಂದು ದಿನ ದೊಡ್ಡ ಬಲೆ ಬಿದ್ದರೆ ಆ ಜಾಗವನ್ನೇ ವರ್ಷವಿಡೀ ಸುತ್ತುವವರು ನಮ್ಮಲ್ಲೂ ಇದ್ದಾರೆ. ಬೇಜಾರು ಮಾಡಿಕೊಳ್ಳಬೇಡಿ ಅಣ್ಣ.

ತೋಟದ ಮನೆ, ಶಿರಸಿ
ಆದರೂ ಐದು ವರ್ಷ ಕೈ ಸುಟ್ಟುಕೊಳ್ಳದೆ ಇದ್ದದ್ದು ಸುಮ್ನೆ ಅಲ್ಲ. ಹೆಚ್ಚಿನವರು ಮೈನಸ್ಸಲ್ಲೇ ಇರುತ್ತಾರೆ. ನಾನು ಈಗಲೂ ಹೇಳುತ್ತೇನೆ, ಆರು ತಿಂಗಳು ನೋಡಲಿ. 2 ಲಕ್ಷ ಹೋದರೆ ನಿಲ್ಲಿಸಲಿ. 46ಕ್ಕೆ ನೋಡದಿದ್ದರೆ 60ಕ್ಕೆ ನೋಡುತ್ತಾನಾ?

ಕುಮಟಾ ಮಾಸ್ತರ
ಆರು ತಿಂಗಳಿಗೆ 21,600 ಕೈ. ಅದರಿಂದ ಏನೂ ಗೊತ್ತಾಗುವುದಿಲ್ಲ ಅಂತ ಮೇಲೆ ಹೇಳಿದೆ. ಗೆದ್ದರೂ ಗೊತ್ತಾಗುವುದಿಲ್ಲ. ನನಗೆ ಹೆದರಿಕೆ ಇವರು ಗೆದ್ದರೆ ಎಂದೇ.

ಸದಾಶಿವಗಡದವ
ಎರಡು ದಿನ ಬರೆಯಲಿಲ್ಲ. ಎಕ್ಸೆಲ್ ತೆರೆದು ಆ ಟೂರ್ನಮೆಂಟಿನ ಸಾಲು ಅಳಿಸಿ ನೋಡಿದೆ. ಮಾಸ್ತರರು ಹೇಳಿದ್ದೇ ಸರಿ. ಆ ಸಾಲು ಇರುವವರೆಗೆ ಗ್ರಾಫ್ ಗುಡ್ಡ ಹತ್ತಿದ ಹಾಗಿತ್ತು. ತೆಗೆದ ಮೇಲೆ ಕಾರವಾರದ ಬೀಚಿನ ಹಾಗೆ ಚಪ್ಪಟೆ.

ಅಕ್ಕ, ಹೆಂಡತಿಗೆ ಗೊತ್ತು. ಅವಳು ಹೇಳಿದ್ದು ಇಷ್ಟು: "ಕಾರವಾರಕ್ಕೆ ಬರುತ್ತೇನೆ, ಅತ್ತೆ ಒಬ್ಬರೇ ಇದ್ದಾರೆ ಅಂತ. ಪೋಕರ್‌ಗೆ ಅಂತ ಅಲ್ಲ." ಅವಳ ಕೆಲಸ ಮನೆಯಿಂದಲೇ ನಡೆಯುತ್ತದೆ.

ಅಂಕೋಲಾ ಅಕ್ಕ
ಅಮ್ಮನ ಜೊತೆ ಇರಲು ಊರಿಗೆ ಬಂದು ವಾರಕ್ಕೆ ನಾಲ್ಕು ರಾತ್ರಿ ಪಣಜಿಯಲ್ಲಿದ್ದರೆ, ಅಮ್ಮನ ಜೊತೆ ಇರುವವರು ಯಾರು ತಮ್ಮ?

ಸದಾಶಿವಗಡದವ
ಅದನ್ನು ಅವಳೂ ಕೇಳಿದಳು.

ಸದ್ಯಕ್ಕೆ ಹೀಗೆ. ಮನೆ ಬದಲಾಯಿಸುವುದು ಖಂಡಿತ, ಏಪ್ರಿಲ್‌ನಲ್ಲಿ. ಟೆಸ್ಟಿಂಗ್ ಕೆಲಸ ಗುತ್ತಿಗೆಯಲ್ಲಿ ಸಿಗುವ ಹಾಗಿದೆ, ಅರ್ಧ ಸಂಬಳಕ್ಕೆ. ತಿಂಗಳಿಗೆ ಎರಡು ಶನಿವಾರ ಪಣಜಿ. 8 ಲಕ್ಷದಲ್ಲಿ 6 ಬ್ಯಾಂಕಿಗೆ ವಾಪಸ್ ಹೋಯಿತು. ಬಿಟ್ಟೆ ಅಂತ ಹೇಳಲಾರೆ.

ಮಾಂಡೋವಿ ಮಾಜಿ
ಶನಿವಾರ ಹನ್ನೊಂದರ ಮೇಲೆ ಟೇಬಲ್ ಸಿಗುವುದು ಕಷ್ಟ. ಎಂಟಕ್ಕೇ ಹೆಸರು ಬರೆಸಿ. ಮತ್ತೆ ಅಲ್ಲಿ ಪುಕ್ಕಟೆ ಸಿಗುವ ಪೆಗ್ ಮುಟ್ಟಬೇಡಿ, ಅದು ಪ್ರವಾಸಿಗರಿಗೆ ಇಟ್ಟದ್ದು.

ಬೈತಖೋಲ ಬೋಟ್
ಭಾನುವಾರ ಬೆಳಿಗ್ಗೆ ವಾಪಸ್ ಬರುವಾಗ ಹೊಳೆ ದಾಟಿ ನಮ್ಮ ಬಂದರಿಗೆ ಬನ್ನಿ. ಗೆದ್ದಿದ್ದರೆ ದುಬಾರಿ ಮೀನು ಇಸವಣ, ಸೋತಿದ್ದರೆ ಅಗ್ಗದ ತಾರ್ಲೆ. ಅಮ್ಮನಿಗೆ ಎರಡೂ ಆಗುತ್ತದೆ.