ಪದಚರ್ಚೆ: ಗಟ್ಟಿ ಹಿಡಿಯ ಮೇಲಿನ ಮೆತ್ತನೆ ಪ್ಲಾಸ್ಟಿಕ್ – ‘ಹೊದಿಕೆ’ ಸಾಕೇ, ‘ಮೆತ್ತೆರಕ’ ಆದೀತೇ?

ಎಲ್ಲರಿಗೂ ನಮಸ್ಕಾರ.

ಐಟಿಐ ಓದುವ ಮಕ್ಕಳಿಗಾಗಿ ಕೈ ಉಪಕರಣಗಳು ತಯಾರಾಗುವ ಬಗೆಯ ಮೇಲೆ ಒಂದು ಕಿರುಪುಸ್ತಕ ಬರೆಯುತ್ತಿದ್ದೇನೆ. ಸುತ್ತಿಗೆ, ಸ್ಪ್ಯಾನರ್, ಉಳಿಗಳ ಅಧ್ಯಾಯಗಳಲ್ಲಿ ಪದಗಳಿಗೆ ಪರದಾಡಲಿಲ್ಲ. ಕುಲುಮೆ, ಹದ, ಸಾಣೆ ಎಲ್ಲ ನಮ್ಮ ಕಮ್ಮಾರರ ಬಾಯಲ್ಲೇ ಇವೆ. ಸ್ಕ್ರೂಡ್ರೈವರ್ ಹಿಡಿಯ ಹತ್ತಿರ ಬರವಣಿಗೆ ನಿಂತಿದೆ. ಈಗಿನ ಸ್ಕ್ರೂಡ್ರೈವರುಗಳಲ್ಲಿ ಒಳಗೊಂದು ಗಟ್ಟಿ ಪ್ಲಾಸ್ಟಿಕ್, ಬೆರಳು ಕೂರುವ ಕಡೆ ಬೇರೆ ಬಣ್ಣದ ಮೆತ್ತನೆಯ ಪಟ್ಟೆ ಇರುತ್ತದಲ್ಲ. ಡ್ರಿಲ್ ಮಷೀನು, ಗ್ರೈಂಡರ್ ಹಿಡಿಗಳಲ್ಲೂ ಇದೇ. ಆ ಪಟ್ಟೆಯನ್ನು ಅಂಟಿಸಿರುವುದೂ ಇಲ್ಲ, ತೊಡಿಸಿರುವುದೂ ಇಲ್ಲ. ಮೊದಲ ಪ್ಲಾಸ್ಟಿಕ್ ಅಚ್ಚಿನೊಳಗೆ ಗಟ್ಟಿಯಾದ ಮೇಲೆ ಎರಡನೆಯದನ್ನು ಕರಗಿಸಿ ಅದರ ಮೇಲೇ ತಳ್ಳಿರುತ್ತಾರೆ. ಈ ಕೆಲಸಕ್ಕೆ ಏನನ್ನೋಣ?

ಸುಮ್ಮನೆ ‘ಎರಡು ವಸ್ತುಗಳ ಇಂಜೆಕ್ಷನ್ ಮೋಲ್ಡಿಂಗ್’ ಎಂದು ಬರೆದು ಮುಂದೆ ಹೋಗಬಹುದಿತ್ತು. ಶಾಟ್ (ಒಂದು ಸಲಕ್ಕೆ ತಳ್ಳುವ ಪ್ಲಾಸ್ಟಿಕ್), ಗೇಟ್ (ಅದು ಅಚ್ಚಿನ ಟೊಳ್ಳಿಗೆ ಹೊಗುವ ಬಾಯಿ), ರನ್ನರ್ (ಅಲ್ಲಿಗೆ ಹರಿದು ಬರುವ ಕಾಲುವೆ), ಕ್ಯಾವಿಟಿ (ಆಕಾರ ಕೊಡುವ ಟೊಳ್ಳು) ಎಂಬ ಮಾತುಗಳನ್ನು ನಾನೂ ಹಾಗೇ ಉಳಿಸಿಕೊಂಡಿದ್ದೇನೆ. ಪೀಣ್ಯದಲ್ಲಿ ಕೆಲಸಕ್ಕೆ ಸೇರುವ ಹುಡುಗನಿಗೆ ಆ ಮಾತುಗಳೇ ಬೇಕು. ನನ್ನ ತಕರಾರು ಬೇರೆ. ಈ ಒಂದು ಹೆಸರಿನ ಕೆಳಗೆ ಮೂರ‍್ನಾಲ್ಕು ಬೇರೆ ಬೇರೆ ಕೆಲಸಗಳು ಕಲಸಿಹೋಗುತ್ತವೆ. ಹಿಡಿ ಯಾಕೆ ಸುಲಿದು ಬಂತು, ಯಾಕೆ ಶಾಕ್ ಹೊಡೆಯಿತು ಎಂದು ವಿವರಿಸುವಾಗ ಆ ವ್ಯತ್ಯಾಸಗಳೇ ಬೇಕಾಗುತ್ತವೆ.

ಮೊದಲು ಮೂಲಪದ. ‘ಅಚ್ಚು’ ಉಕ್ಕಿನ ಸಾಧನಕ್ಕೆ ಇರಲಿ, ಕೆಲಸಕ್ಕೆ ‘ಎರಕ’ ಇರಲಿ ಎನ್ನುವುದು ನನ್ನ ಸಲಹೆ. ಎರೆಯುವುದು ಎಂದರೆ ಹೊಯ್ಯುವುದು, ಇಲ್ಲಿ ನಡೆಯುವುದು ನೂರಾರು ಬಾರ್ ಒತ್ತಡದಲ್ಲಿ ತಳ್ಳುವ ಕೆಲಸ, ಹೊಂದುವುದಿಲ್ಲ ಎಂದು ಫೌಂಡ್ರಿಯವರು ಹೇಳಬಹುದು. ಒಪ್ಪುತ್ತೇನೆ. ಆದರೆ ‘ಅಂತಃಕ್ಷೇಪಣ ರೂಪಣೆ’ ಎಂಬಂಥ ಪದವನ್ನು ಓದಿದವನು ಪರೀಕ್ಷೆ ಮುಗಿದ ಸಂಜೆಗೇ ಮರೆಯುತ್ತಾನೆ. ‘ಚುಚ್ಚು’ ಎಂದರೆ ಆಸ್ಪತ್ರೆ ನೆನಪಾಗುತ್ತದೆ. ಕರಗಿದ್ದು ಅಚ್ಚಿಗೆ ಹೋಗಿ ಆಕಾರ ಪಡೆದು ಗಟ್ಟಿಯಾಗುವುದು ಎಂಬಷ್ಟನ್ನು ಎರಕ ಚೆನ್ನಾಗಿ ಹೇಳುತ್ತದೆ.

ಇನ್ನು ಬಗೆಗಳು.

ಒಂದೇ ಮಷೀನಿನಲ್ಲಿ ಕರಗಿಸುವ ಕೊಳವೆಗಳು ಎರಡು. ಅಚ್ಚಿನ ಒಂದು ಅರ್ಧ 180 ಡಿಗ್ರಿ ತಿರುಗುತ್ತದೆ. ಒಂದು ಕಡೆ ಹೊಸ ಹಿಡಿಯ ಗಟ್ಟಿ ಒಡಲು ತುಂಬುತ್ತಿರುವಾಗಲೇ, ಹಿಂದಿನ ಸುತ್ತಿನಲ್ಲಿ ಆದ ಒಡಲಿಗೆ ಇನ್ನೊಂದು ಕಡೆ ಮೆದು ಪದರ ಬೀಳುತ್ತದೆ. ಸುತ್ತಿಗೊಂದು ಪೂರ್ತಿ ಹಿಡಿ ಹೊರಬರುತ್ತದೆ. ತಿರುಗಿಸದೆ, ಅಚ್ಚಿನೊಳಗಿನ ಒಂದು ತುಂಡನ್ನು ಹಿಂದಕ್ಕೆ ಎಳೆದು ಎರಡನೆಯದಕ್ಕೆ ಜಾಗ ಬಿಡಿಸುವ ಪದ್ಧತಿಯೂ ಇದೆ. ಕೆಟಲಾಗುಗಳಲ್ಲಿ ಇದಕ್ಕೆ ‘ಟೂ-ಕೆ’ (2K) ಎಂದಿರುತ್ತದೆ. ಆ ‘ಕೆ’ ಜರ್ಮನ್ನಿನ ‘ಕೊಂಪೊನೆಂಟೆ’ಯ ಮೊದಲಕ್ಷರ. ಯಂತ್ರಾನುವಾದ ಅದನ್ನು ‘ಎರಡು ಸಾವಿರ’ ಮಾಡಿಬಿಟ್ಟರೆ ಆಶ್ಚರ್ಯವಿಲ್ಲ! ಇದಕ್ಕೆ ‘ಜೋಡೆರಕ’ ಎನ್ನಬಹುದೇ? ಜೋಡೆತ್ತು ಇದ್ದ ಮೇಲೆ ಜೋಡೆರಕ ಕಿವಿಗೆ ಒಗ್ಗದೆ ಇರಲಾರದು.

ಎರಡನೆಯ ಬಗೆಯಲ್ಲಿ ಗಟ್ಟಿ ಒಡಲನ್ನು ಒಂದು ಅಚ್ಚಿನಿಂದ ತೆಗೆದು, ಕೈಯಿಂದಲೋ ರೋಬೋಟಿನಿಂದಲೋ ಇನ್ನೊಂದು ಅಚ್ಚಿಗೆ ಕೂರಿಸಿ ಮೇಲೆ ಎರೆಯುತ್ತಾರೆ. ಸಣ್ಣ ಕಾರ್ಖಾನೆಗೆ ಕೈಗೆಟಕುವುದು ಇದೇ, ಏಕೆಂದರೆ ತಿರುಗುವ ಅಚ್ಚಿನ ಮಷೀನು ದುಬಾರಿ. ಓವರ್‌ಮೋಲ್ಡಿಂಗ್ ಎಂದು ಸಾಮಾನ್ಯವಾಗಿ ಕರೆಯುವುದು ಇದನ್ನು. ಇದಕ್ಕೆ ನನ್ನ ಮನಸ್ಸಿನಲ್ಲಿರುವ ಪದ ‘ಮೆತ್ತೆರಕ’. ಮೆತ್ತು ಎಂದರೆ ದಪ್ಪಗೆ ಹಚ್ಚು, ಗೋಡೆಗೆ ಮಣ್ಣು ಮೆತ್ತಿದ ಹಾಗೆ. ಮೆತ್ತನೆ ಎಂಬುದೂ ಅದರಲ್ಲೇ ಕೇಳಿಸುತ್ತದೆ. ಲಾಭವೂ ಇದೆ, ತೊಡಕೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೂರನೆಯದು ಲೋಹವನ್ನು ಹುದುಗಿಸುವುದು. ಸ್ಕ್ರೂಡ್ರೈವರಿನ ಉಕ್ಕಿನ ಕಡ್ಡಿಯ ತುದಿಯನ್ನು ತಟ್ಟಿ ಎರಡು ಪುಟ್ಟ ರೆಕ್ಕೆ ಎಬ್ಬಿಸಿರುತ್ತಾರೆ, ಹಿಡಿಯೊಳಗೆ ಕಡ್ಡಿ ಸುತ್ತದಿರಲೆಂದು. ಆ ಕಡ್ಡಿಯನ್ನೇ ಅಚ್ಚಿನಲ್ಲಿ ನಿಲ್ಲಿಸಿ ಸುತ್ತ ಪ್ಲಾಸ್ಟಿಕ್ ತುಂಬಿದರೆ ‘ಹುದುಗೆರಕ’. ಹಿಡಿ ಆದ ಮೇಲೆ ಕಡ್ಡಿಯನ್ನು ಒತ್ತಿ ಕೂರಿಸುವುದೂ ಉಂಟು, ಅದು ಎರಕ ಅಲ್ಲ. ಇಕ್ಕಳದ ಕೈಗಳನ್ನು ದ್ರವರೂಪದ ಪಿವಿಸಿಯಲ್ಲಿ ಅದ್ದುವುದು, ಸೆಲ್ಯುಲೋಸ್ ಅಸಿಟೇಟಿನ ತೋಳು ತೊಡಿಸುವುದು ಇವೂ ಎರಕ ಅಲ್ಲ. ಅದ್ದು, ತೊಡಿಸು, ಎರೆ: ಕ್ರಿಯಾಪದ ಸರಿಯಾಗಿದ್ದರೆ ವಿವರಣೆ ಅರ್ಧ ಮುಗಿದ ಹಾಗೆ.

ಒಂದು ಸಣ್ಣ ಕಾಟ ‘ಕಾವು’ವಿನದು. ಕೊಡಲಿ, ಗುದ್ದಲಿಗಳಿಗೆ ಕಾವು, ಚಾಕುವಿಗೆ ಹಿಡಿ, ಬಾಗಿಲಿಗೆ ಹಿಡಿಕೆ ಎಂದು ನಮ್ಮಲ್ಲಿ ಎಷ್ಟು ಚೆನ್ನಾಗಿ ಬೇರೆ ಮಾಡಿದ್ದಾರೆ! ಗ್ಲಾಸ್ ಫೈಬರ್ ಸುತ್ತಿಗೆಯ ಉದ್ದನೆಯ ಹಿಡಿಗೆ ‘ಕಾವು’ ಬಳಸೋಣವೆಂದರೆ ಇದೇ ಅಧ್ಯಾಯದಲ್ಲಿ ಬಿಸಿ ಎಂಬರ್ಥದ ಕಾವೂ ಬರುತ್ತದೆ. ಬಿಸಿಯ ಮಾತು ಇಲ್ಲಿ ಬಿಡುವಂತಿಲ್ಲ: ಜೋಡೆರಕದಲ್ಲಿ ಒಡಲಿನ ಕಾವು ಪೂರ್ತಿ ಆರುವ ಮೊದಲೇ ಮೆದು ಪದರ ಬೀಳುವುದರಿಂದ ಎರಡೂ ಚೆನ್ನಾಗಿ ಕೂಡುತ್ತವೆ, ಮೆತ್ತೆರಕದಲ್ಲಿ ಒಡಲು ಆರಿ, ಕೆಲವೊಮ್ಮೆ ಧೂಳು, ಬೆವರಿನ ಕೈ ಎಲ್ಲ ತಾಗಿ ಬಂದಿರುತ್ತದೆ. ಹಾಗಾಗಿ ‘ಹಿಡಿ’ಯನ್ನೇ ಇಟ್ಟುಕೊಂಡೆ.

ಈ ಕೂಡುವಿಕೆಗೆ ‘ಅಂಟು’ ಎಂದು ಬರೆಯಲು ನನಗೆ ಮನಸ್ಸಿಲ್ಲ. ಪಾಲಿಪ್ರೊಪಿಲೀನ್ ಒಡಲಿನ ಮೇಲೆ ಬೀಳುವ ಟಿಪಿಇಯಲ್ಲೇ (ಥರ್ಮೋಪ್ಲಾಸ್ಟಿಕ್ ಇಲಾಸ್ಟೊಮರ್, ರಬ್ಬರಿನಂತೆ ಮೆತ್ತಗಿರುವ ಪ್ಲಾಸ್ಟಿಕ್) ಸಾಮಾನ್ಯವಾಗಿ ಸ್ವಲ್ಪ ಪಾಲಿಪ್ರೊಪಿಲೀನ್ ಇರುತ್ತದೆ. ಬಿಸಿಯಲ್ಲಿ ಎರಡೂ ಮೇಲ್ಮೈಗಳು ಕರಗಿ ಬೆರೆಯುತ್ತವೆ. ಇದು ‘ಬೆಸೆಯುವುದು’. ಡ್ರಿಲ್ಲಿನ ಚಿಪ್ಪುಗಳು ಹೆಚ್ಚಾಗಿ ಗಾಜಿನೆಳೆ ಬೆರೆಸಿದ ನೈಲಾನಿನವು. ಮಾಮೂಲಿ ಟಿಪಿಇ ಅದಕ್ಕೆ ಹತ್ತುವುದಿಲ್ಲ. ನೈಲಾನಿಗೆಂದೇ ಬದಲಿಸಿದ ಜಾತಿ ಬೇಕು, ಇಲ್ಲವೇ ಒಡಲಿನಲ್ಲಿ ತೂತು, ತೋಡು ಬಿಟ್ಟು ಮೆದು ಪ್ಲಾಸ್ಟಿಕ್ ಅದರೊಳಗೆ ಇಳಿದು ‘ಕಚ್ಚಿಕೊಳ್ಳುವಂತೆ’ ಮಾಡಬೇಕು. ಮರಗೆಲಸದವರ ‘ಕಚ್ಚು’ ಇಲ್ಲಿ ಹೇಳಿ ಮಾಡಿಸಿದಂತಿದೆ. ಪರೀಕ್ಷೆಗೆ ಪದರವನ್ನು ಹಿಡಿದು ಎಳೆದಾಗ ಬೆಸುಗೆ ಚೆನ್ನಾಗಿದ್ದರೆ ಪದರವೇ ‘ಹರಿಯುತ್ತದೆ’, ಇಲ್ಲದಿದ್ದರೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ‘ಸುಲಿದು’ ಬರುತ್ತದೆ. ಎರಡು ಬಗೆಯ ಸೋಲಿಗೆ ಹರಿ, ಸುಲಿ ಸಾಕು, ಹೊಸ ಪದ ಕಟ್ಟುವುದೇ ಬೇಡ. ಅಂಗಡಿಯವರು ಇದನ್ನು ‘ರಬ್ಬರ್ ಗ್ರಿಪ್’ ಎನ್ನುತ್ತಾರೆ. ಬಿಸಿ ಮಾಡಿದರೆ ಮತ್ತೆ ಕರಗುವ ವಸ್ತು ಇದು, ಟೈರಿನ ರಬ್ಬರಿನಂತಲ್ಲ. ಪುಸ್ತಕದಲ್ಲಿ ಒಂದು ಸಲ ಹೇಳಿ ‘ಟಿಪಿಇ’ ಎಂದೇ ಮುಂದುವರಿಸಿದ್ದೇನೆ.

ನನಗೆ ನಿಜವಾಗಿ ಚಿಂತೆ ಹಚ್ಚಿರುವುದು ‘ಹೊದಿಕೆ’. ಅನುವಾದಗಳಲ್ಲಿ ಮೆತ್ತನೆ ಪದರಕ್ಕೂ ಹೊದಿಕೆ, ವಿದ್ಯುತ್ ತಡೆಯುವ ಪದರಕ್ಕೂ ಹೊದಿಕೆ ಎಂದು ಬಂದುಬಿಡುತ್ತದೆ. ಓದಿದ ಹುಡುಗ ಹೊದಿಕೆಯಿರುವ ಯಾವ ಇಕ್ಕಳವನ್ನಾದರೂ ಹಿಡಿದು ಕರೆಂಟಿರುವ ತಂತಿಗೆ ಕೈ ಹಾಕಬಹುದು. ಲೈನ್ ಆಫ್ ಮಾಡದೆ ಕೆಲಸ ಮಾಡುವವರ ಉಪಕರಣಗಳಿಗೆ ಐಇಸಿ 60900 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ: ಎಸಿಯಲ್ಲಿ 1,000 ವೋಲ್ಟ್, ಡಿಸಿಯಲ್ಲಿ 1,500 ವೋಲ್ಟ್‌ವರೆಗೆ. 10,000 ವೋಲ್ಟ್ ಹಾಯಿಸಿ ಪರೀಕ್ಷಿಸಿ, ಜೋಡಿ ತ್ರಿಕೋನದ ಗುರುತನ್ನೂ 1000 ವೋಲ್ಟ್ ಎಂಬುದನ್ನೂ ಮೈಮೇಲೆ ಹಾಕಿರುತ್ತಾರೆ. ಅವುಗಳಲ್ಲಿ ಕೆಲವಕ್ಕೆ ಎರಡು ಬಣ್ಣದ ಪದರ, ಒಳಗೆ ಹಳದಿ, ಹೊರಗೆ ಕೆಂಪು, ಹೀಗೆ. ಹೊರಪದರ ಸವೆದು ಒಳಬಣ್ಣ ಇಣುಕಿತೆಂದರೆ ಆ ಉಪಕರಣವನ್ನು ಎತ್ತಿಡಬೇಕು. ಅಲ್ಲಿ ಎರಡನೆಯ ವಸ್ತು ಕೂತಿರುವುದು ಕೈಗೆ ಹಿತವಾಗಲೆಂದಲ್ಲ, ಎಚ್ಚರಿಸಲೆಂದು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕೆಂಪು ಕೈಯ ಇಕ್ಕಳಕ್ಕೆ ಆ ಗುರುತು ಇಲ್ಲದಿದ್ದರೆ ಅದರ ಬಣ್ಣ ಬರೀ ಬಣ್ಣ. ಆದ್ದರಿಂದ ‘ಹೊದಿಕೆ’ಯನ್ನು ಎರಡು ಕಡೆಯಿಂದಲೂ ಕೈಬಿಟ್ಟು, ಒಂದಕ್ಕೆ ‘ಮೆದುಪದರ’, ಇನ್ನೊಂದಕ್ಕೆ ‘ವಿದ್ಯುತ್ ತಡೆಪದರ’ ಎಂದು ಬರೆದಿದ್ದೇನೆ. ‘ನಿರೋಧಕ’ ಬೇಡವೆನಿಸಿತು, ರೆಸಿಸ್ಟರಿಗೂ ಕೆಲವರು ಅದನ್ನೇ ಬಳಸುತ್ತಾರೆ.

‘ಮೆತ್ತೆರಕ’ದ ತೊಡಕು ಈಗ ತಿಳಿಯಿತಲ್ಲ. ಎರಡನೆಯ ವಸ್ತು ಯಾವಾಗಲೂ ಮೆತ್ತಗೇ ಇರಬೇಕೆಂದಿಲ್ಲ, ಗಟ್ಟಿಯ ಮೇಲೆ ಗಟ್ಟಿಯನ್ನೂ ಎರೆಯಬಹುದು. ಆಗ ‘ಮೆತ್ತು’ ಎಂಬುದು ಮೆತ್ತನೆ ಎಂದು ಕೇಳಿಸಿ ದಾರಿ ತಪ್ಪಿಸುತ್ತದೆ. ಅಷ್ಟೇ ಅಲ್ಲ, ಟಿಪಿಇ ಪದರ ತೀರ ತೆಳುವಾದರೆ ಅದೂ ಮೆತ್ತಗಿರುವುದಿಲ್ಲ, ಬೆರಳಿಗೆ ಕೆಳಗಿನ ನೈಲಾನೇ ಸಿಗುತ್ತದೆ. ‘ಮೇಲೆರಕ’ ಎಂದರೆ ಈ ಗೊಂದಲವಿಲ್ಲ. ಆದರೆ ಮೇಲಿನಿಂದ ಹೊಯ್ಯುವ ಎರಕ ಎಂದು ಬೆಳಗಾವಿಯ ಫೌಂಡ್ರಿಯವರು ಓದಿಕೊಂಡಾರೇ ಎಂಬ ಅಳುಕು.

ಹೀಗಾಗಿ ಕೇಳುವುದು ಮೂರು. ಮೆತ್ತೆರಕವೋ, ಮೇಲೆರಕವೋ? ‘ಕೋರ್’ಗೆ ಏನು ಮಾಡೋಣ – ಅಚ್ಚಿನ ಗಂಡು ಭಾಗಕ್ಕೂ ಅದೇ, ಹಿಡಿಯ ಗಟ್ಟಿ ಒಡಲಿಗೂ ಅದೇ, ನಾನು ಎರಡನೆಯದಕ್ಕೆ ಮಾತ್ರ ‘ಒಡಲು’ ಎಂದಿದ್ದೇನೆ. ಇನ್ನೊಂದು, ಮೈಸೂರಿನ ಸಿಪೆಟ್‌ನಲ್ಲೋ (ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ) ಜಿಟಿಟಿಸಿಯಲ್ಲೋ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ಕಲಿತವರು, ಕಲಿಸುವವರು ಈ ಗುಂಪಿನಲ್ಲಿದ್ದರೆ ಹೇಳಿ: ಎರಡು ಪ್ಲಾಸ್ಟಿಕ್‌ಗಳು ಸೇರುವ ಗೆರೆಯನ್ನು ದಾಟಿ ಚಾಚಿಕೊಳ್ಳುವ ತೆಳು ಫ್ಲ್ಯಾಶ್‌ಗೆ ಷಾಪ್ ಫ್ಲೋರಿನಲ್ಲಿ ಯಾರಾದರೂ ಕನ್ನಡದ ಮಾತು ಬಳಸುವುದನ್ನು ಕೇಳಿದ್ದೀರಾ?